ಅಮೆರಿಕದ ಚುನಾವಣಾ ಸಮೀಕ್ಷೆ: ಒಂದು ಹಾಳೆ, ಒಂದು ಪೆನ್ಸಿಲ್ ಸಾಕು

2016ರ ನವೆಂಬರ್ 9, ನೋಟು ರದ್ದಾದ ಮರುದಿನ ಬೆಳಿಗ್ಗೆ. ಐನೂರರ ನೋಟುಗಳ ಚಿಂತೆಯನ್ನೂ ಬಿಟ್ಟು ನಮ್ಮ ಚಿಕ್ಕಪ್ಪ ಟಿವಿ ಮುಂದೆ ಕೂತಿದ್ದರು. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಹಾಗಾಗಿ ಅಲ್ಲಿನ ಚುನಾವಣೆ ಅವರಿಗೆ ಮನೆಯ ವಿಷಯ. ಟ್ರಂಪ್ ಗೆದ್ದಾಗ "ಪೋಲ್‌ಗಳೆಲ್ಲ ಬರೀ ಸುಳ್ಳು ಕಣೋ" ಅಂದರು.

ಸುಳ್ಳಾಗಿರಲಿಲ್ಲ. ಇಡೀ ದೇಶದ ಸಮೀಕ್ಷೆಗಳ ಸರಾಸರಿಯಲ್ಲಿ ಹಿಲರಿ ಕ್ಲಿಂಟನ್ 3ರಿಂದ 4 ಪಾಯಿಂಟ್ (ಅಂದರೆ ನೂರಕ್ಕೆ 3–4 ಮತ) ಮುಂದಿದ್ದರು. ಎಣಿಕೆ ಮುಗಿದಾಗ ಅವರಿಗೆ 2.1 ಪಾಯಿಂಟ್ ಜಾಸ್ತಿ ಮತವೇ ಬಂದಿತ್ತು. ಚಿಕ್ಕಪ್ಪ ನೋಡಿದ ಅಂಕಿ ಸರಿ, ಆದರೆ ಗೆಲುವು ಸೋಲು ತೀರ್ಮಾನವಾಗುವುದು ಆ ಅಂಕಿಯಿಂದಲ್ಲ. ಪ್ರತಿ ಸಲವೂ ಈ ಗೊಂದಲ ನೋಡಿದ್ದೇನೆ. ಅದಕ್ಕೇ, ಅಲ್ಲಿನ ಅಧ್ಯಕ್ಷ ಚುನಾವಣೆಯ ಸಮೀಕ್ಷೆ ಓದುವ ಈ ಐದು ಹಂತ.

ಹಂತ 1: 270 ಎಂದು ಬರೆದುಕೊಳ್ಳಿ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಇಷ್ಟಿಷ್ಟು ಎಂದು ಹಂಚಿರುವ ಎಲೆಕ್ಟೋರಲ್ ಮತಗಳು. ಒಟ್ಟು 538, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದೆಲ್ಲ ಕಡೆ ಒಂದು ಮತ ಮುಂದಿದ್ದವರಿಗೂ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತ. ನಮಗೆ ಇದು ಹೊಸದಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಶೇ 38, ಬಿಜೆಪಿಗೆ ಶೇ 36ರಷ್ಟು ಮತ ಬಂತು. ಆದರೂ 104 ಸೀಟು ಬಿಜೆಪಿಗೆ, ಕಾಂಗ್ರೆಸ್ ಎಂಬತ್ತರ ಹತ್ತಿರ ನಿಂತಿತು. ಅಲ್ವಾ?

ಹಂತ 2: ದೇಶದ ಸಮೀಕ್ಷೆಯಿಂದ ಗಾಳಿ ಯಾವ ಕಡೆಗಿದೆ ಎಂದಷ್ಟೇ ತಿಳಿಯಿರಿ. ಹೋದ ತಿಂಗಳಿಗಿಂತ ಈ ತಿಂಗಳು ಯಾರು ಏರಿದರು, ಯಾರು ಇಳಿದರು ಎಂಬುದಕ್ಕೆ ಇದು ಒಳ್ಳೆಯದು. ಇಲ್ಲೊಂದು ಅಡ್ಡದಾರಿ ಓಡಾಡುತ್ತದೆ: "ಡೆಮಾಕ್ರಾಟರು (ಹಿಲರಿ, ಬೈಡನ್ ಅವರ ಪಕ್ಷ) ದೇಶದಲ್ಲಿ 3–4 ಪಾಯಿಂಟ್ ಮುಂದಿದ್ದರೆ ಮಾತ್ರ ಗೆಲುವು." 2020ರಲ್ಲಿ ಅದು ಸರಿಯೆನಿಸಿತ್ತು. ಬೈಡನ್ ದೇಶದಲ್ಲಿ 4.5 ಪಾಯಿಂಟ್ ಮುಂದಿದ್ದರೂ ನಿರ್ಣಾಯಕ ರಾಜ್ಯವಾದ ವಿಸ್ಕಾನ್ಸಿನ್‌ನಲ್ಲಿ ಗೆದ್ದದ್ದು ಒಂದು ಪಾಯಿಂಟ್‌ಗಿಂತ ಕಡಿಮೆ ಅಂತರದಲ್ಲಿ. 2024ರಲ್ಲಿ ಟ್ರಂಪ್ ದೇಶದಲ್ಲಿ 1.5, ಪೆನ್ಸಿಲ್ವೇನಿಯಾದಲ್ಲಿ 1.7 ಪಾಯಿಂಟ್ ಮುಂದೆ ಬಂದರು. ದೇಶಕ್ಕೂ ನಿರ್ಣಾಯಕ ರಾಜ್ಯಕ್ಕೂ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ. ಈ ಸೂತ್ರ ಬಿಟ್ಟುಬಿಡಿ.

ಹಂತ 3: ಯಾವ ರಾಜ್ಯ ನೋಡಬೇಕೋ ಆರಿಸಿ. ಕ್ಯಾಲಿಫೋರ್ನಿಯಾದ 54 ಯಾರಿಗೆಂದು ಕೇಳಬೇಕಿಲ್ಲ. 2024ರಲ್ಲಿ ಯಾವ ಕಡೆಗೂ ವಾಲಬಹುದಾಗಿದ್ದ, ನೋಡಬೇಕಿದ್ದ ರಾಜ್ಯಗಳು ಏಳೇ (ಮುಂದಿರುವುದು ಎಲೆಕ್ಟೋರಲ್ ಮತ): ಪೆನ್ಸಿಲ್ವೇನಿಯಾ 19, ಜಾರ್ಜಿಯಾ 16, ನಾರ್ತ್ ಕ್ಯಾರೊಲಿನಾ 16, ಮಿಷಿಗನ್ 15, ಅರಿಜೋನಾ 11, ವಿಸ್ಕಾನ್ಸಿನ್ 10, ನೆವಾಡಾ 6.

ಹಂತ 4: ಮುನ್ನಡೆಯನ್ನು ಸರಿಯಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನವಾಗಿ ನೋಡೋಣ.

ಒಂದು ರಾಜ್ಯದಲ್ಲಿ 600 ಜನರನ್ನು ಕೇಳಿದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ಶೇ 48, ಇನ್ನೊಬ್ಬರಿಗೆ ಶೇ 45. ಕೆಳಗೆ ಸಣ್ಣಕ್ಷರದಲ್ಲಿ "4 ಪಾಯಿಂಟ್ ಹೆಚ್ಚು ಕಡಿಮೆ" ಎಂದಿರುತ್ತದೆ. ಆ 4 ಇರುವುದು ಒಬ್ಬೊಬ್ಬರ ಅಂಕಿಗೂ ಬೇರೆ ಬೇರೆಯಾಗಿ. ಒಬ್ಬರದ್ದು ಇಳಿದರೆ ಸಾಮಾನ್ಯವಾಗಿ ಇನ್ನೊಬ್ಬರದ್ದು ಏರುತ್ತದೆ. ಹಾಗಾಗಿ ಇಬ್ಬರ ನಡುವಿನ ಅಂತರಕ್ಕೆ ಅದು ಹತ್ತಿರ ಹತ್ತಿರ ಎರಡರಷ್ಟು, ಅಂದರೆ 8. ಈ 3 ಪಾಯಿಂಟ್ ಮುನ್ನಡೆ ನಿಜದಲ್ಲಿ 11 ಆಗಿರಬಹುದು, 5 ಪಾಯಿಂಟ್ ಹಿನ್ನಡೆಯೂ ಆಗಿರಬಹುದು. "ಮೂರು ಪಾಯಿಂಟ್ ಲೀಡ್, ಗೆದ್ದಾಯ್ತು" ಎಂದು ಗ್ರೂಪಿಗೆ ಹಾಕುವ ಮುಂಚೆ ಇದನ್ನು ನೆನೆಸಿಕೊಳ್ಳಿ.

ಇದು ಬರೀ ಆಕಸ್ಮಿಕದ ಲೆಕ್ಕ. ಫೋನ್ ಎತ್ತಿ ಉತ್ತರ ಕೊಟ್ಟವರು ಯಾರು ಎನ್ನುವುದು ಇದರಲ್ಲಿ ಸೇರಿಲ್ಲ. ಕಾಲೇಜು ಓದಿದವರು ಸಮೀಕ್ಷೆಗೆ ಜಾಸ್ತಿ ಉತ್ತರಿಸುತ್ತಾರೆ. 2016ರಲ್ಲಿ ಅವರ ಒಲವು ಹಿಲರಿ ಕಡೆಗಿತ್ತು. ಎಷ್ಟೋ ರಾಜ್ಯ ಸಮೀಕ್ಷೆಗಳು ಓದಿನ ಲೆಕ್ಕ ಹಿಡಿದು ಅಂಕಿಯನ್ನು ಸರಿಪಡಿಸಲಿಲ್ಲ. ಕೊನೆಯ ವಾರದಲ್ಲಿ ಮನಸ್ಸು ಮಾಡಿದವರಲ್ಲಿ ಹೆಚ್ಚಿನವರು ಟ್ರಂಪ್ ಕಡೆ ಹೋದರು. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಹಿಲರಿಗೆ ಕೈತಪ್ಪಿದವು. ಮೂರರಲ್ಲೂ ಸೇರಿ ಅಂತರ 78,000 ಮತಗಳ ಆಸುಪಾಸು.

ಜಾಸ್ತಿ ಜನರನ್ನು ಕೇಳಿದರೆ ಇದು ಸರಿಹೋಗುವುದಿಲ್ಲ. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಹಾಗಾಗಿ ವೆಬ್‌ಸೈಟುಗಳ "ನಿಮ್ಮ ಮತ ಒತ್ತಿ" ಸಮೀಕ್ಷೆಗಳ ಕಡೆ ತಿರುಗಿಯೂ ನೋಡಬೇಡಿ. ಎಷ್ಟು ಜನ, ಯಾವ ದಿನ, ಯಾರು ಕೇಳಿದ್ದು ಎಂದು ಹೇಳದ ಚಿತ್ರಗಳನ್ನೂ ಫಾರ್ವರ್ಡ್ ಮಾಡಬೇಡಿ.

ಹಂತ 5: ಹಾಳೆಯನ್ನು ಎರಡು ಕಡೆಗೂ ವಾಲಿಸಿ. ಏಳು ರಾಜ್ಯಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆಯಾಗಿ ತಪ್ಪು ಸಮವಾಗುತ್ತದೆ ಎಂದು ಸುಮ್ನೆ ನಂಬಬೇಡಿ. ಒಂದು ಕಡೆ ತಪ್ಪಿದರೆ ಪಕ್ಕದಲ್ಲೂ ಸಾಮಾನ್ಯವಾಗಿ ಅದೇ ದಿಕ್ಕಿಗೆ ತಪ್ಪುತ್ತದೆ, ಏಕೆಂದರೆ ಕಾರಣ ಒಂದೇ. ಪ್ರತಿ ರಾಜ್ಯದ ಮುಂದೆ ಇತ್ತೀಚಿನ ಹಲವು ಸಮೀಕ್ಷೆಗಳ ಸರಾಸರಿ ಬರೆಯಿರಿ. ಆಮೇಲೆ ಎಲ್ಲವನ್ನೂ 3 ಪಾಯಿಂಟ್ ಒಬ್ಬರ ಕಡೆ ಸರಿಸಿ, ಆಗ ಅವರು ಮುಂದಿರುವ ರಾಜ್ಯಗಳ ಮತಗಳನ್ನು ಅವರಿಗೆ ಖಚಿತವಾಗಿರುವ ಉಳಿದ ರಾಜ್ಯಗಳ ಮತಕ್ಕೆ ಕೂಡಿ. ಅಳಿಸಿ, ಇನ್ನೊಬ್ಬರ ಕಡೆ ಸರಿಸಿ ಕೂಡಿ. ಎರಡು ಸಲವೂ ಒಬ್ಬರೇ 270 ದಾಟಿದರೆ ಆಗ ಅವರು ಮುಂದಿದ್ದಾರೆ ಎನ್ನಿ.

2024ರ ನವೆಂಬರ್ ಶುರುವಿನಲ್ಲಿ ಚಿಕ್ಕಪ್ಪನ ಜೊತೆ ಕೂತು ಹೀಗೇ ಮಾಡಿದೆವು. ಒಂದು ಕಡೆ ವಾಲಿಸಿದಾಗ ಡೆಮಾಕ್ರಾಟ್ ಅಭ್ಯರ್ಥಿ ಕಮಲಾ ಹ್ಯಾರಿಸ್‌ಗೆ 319, ಇನ್ನೊಂದು ಕಡೆ ವಾಲಿಸಿದಾಗ ಟ್ರಂಪ್‌ಗೆ 312. "ಹಾಗಾದ್ರೆ ಯಾರು ಗೆಲ್ತಾರೆ?" ಎಂದರು. ಈ ಅಂಕಿಗಳಿಂದ ಹೇಳಲಾಗದು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಏಳೂ ರಾಜ್ಯಗಳು ಒಂದೇ ಕಡೆ ಹೋದವು, ಟ್ರಂಪ್‌ಗೆ 312 ಬಂತು. ಚಿಕ್ಕಪ್ಪ ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದಾರೆ.