ಮಿನಿ ಟ್ರ್ಯಾಕ್ಟರ್ ಹಿಂದೆ ಏನು ಕಟ್ಟಬೇಕು?

ನಮ್ಮ ಗುಬ್ಬಿ ಕಡೆ ಮಿನಿ ಟ್ರ್ಯಾಕ್ಟರ್ ಕೊಳ್ಳುವವರು ಸಾಮಾನ್ಯವಾಗಿ ಅದರ ಜೊತೆಗೇ ಮಣ್ಣು ತಿರುವಿ ಪುಡಿ ಮಾಡುವ ಒಂದು ರೋಟವೇಟರ್ ತರುತ್ತಾರೆ. ಶೋರೂಮಿನಲ್ಲಿ ಎರಡಕ್ಕೂ ಸೇರಿಸಿ ಒಂದು ರೇಟು ಹೇಳುತ್ತಾರೆ, ಸಾಲವೂ ಒಟ್ಟಿಗೇ ಆಗಿಹೋಗುತ್ತದೆ. ನಿಮ್ಮದು ಬರೀ ರಾಗಿ ಹೊಲವಾದರೆ ಇದರಲ್ಲಿ ತಪ್ಪೇನಿಲ್ಲ. ಅಡಿಕೆ ತೋಟಕ್ಕೆ ಅಂತ ಟ್ರ್ಯಾಕ್ಟರ್ ತರುವವರು ಮಾತ್ರ ದಯವಿಟ್ಟು ಒಂದು ವಾರ ತಡೆಯಿರಿ. ಅಡಿಕೆ ತೋಟಕ್ಕೆ ಮೊದಲು ಬೇಕಾಗಿರುವುದು ಮಣ್ಣು ತಿರುವುವ ಯಂತ್ರ ಅಲ್ಲ, ಹುಲ್ಲು ಕತ್ತರಿಸುವ ಯಂತ್ರ.

ಕಾರಣ ಬೇರಿನಲ್ಲಿದೆ. ಅಡಿಕೆಗೆ ತಾಯಿಬೇರು ಇಲ್ಲ. ಇರುವುದೆಲ್ಲ ತಂತುಬೇರು, ಅದರಲ್ಲೂ ಗೊಬ್ಬರ ನೀರು ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ರೋಟವೇಟರ್ ನಾಲ್ಕೈದು ಇಂಚು ಇಳಿದರೂ ಸಾಕು, ಅವು ತುಂಡಾಗುತ್ತವೆ. ತೋಟ ಉತ್ತ ಮೇಲೆ ನೋಡಲು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನಮ್ಮ ಸೀಮೆಯ ತೆಂಗು ಅಡಿಕೆ ಎರಡಕ್ಕೂ ಅಣಬೆ ರೋಗದ ಕಾಟ ಇದೆ. ಅದು ಮಣ್ಣಿನಲ್ಲಿ, ಬೇರಿನ ಮೂಲಕ ಹರಡುವ ರೋಗ. ಬೇರಿಗೆ ಗಾಯವಾದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ. ಒಂದು ಮರಕ್ಕೆ ರೋಗ ಬಂದ ತೋಟದಲ್ಲಂತೂ ಉಳುಮೆ ಮಾಡಲೇಬಾರದು. ಹುಲ್ಲನ್ನು ಬುಡಕ್ಕೆ ಕತ್ತರಿಸಿ ಅಲ್ಲೇ ಬಿಟ್ಟರೆ ಮುಚ್ಚಿಗೆಯಾಗುತ್ತದೆ. ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಮಳೆಯಲ್ಲಿ ಮಣ್ಣು ಕೊಚ್ಚಿ ಹೋಗುವುದಿಲ್ಲ.

ಸಲಕರಣೆ ನೋಡಲು ಹೋಗುವ ಮೊದಲು ಟೇಪು ಹಿಡಿದು ತೋಟಕ್ಕೆ ಹೋಗಿ. ಅಡಿಕೆಗೆ ಹೇಳಿರುವ ಅಂತರ 2.7 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಅಷ್ಟೂ ಜಾಗ ಟ್ರ್ಯಾಕ್ಟರ್‌ಗೆ ಸಿಗುವುದಿಲ್ಲ. ಮರದ ದಪ್ಪ ಕಳೆಯಿರಿ. ಸಾಲಿನುದ್ದಕ್ಕೂ ಎಳೆದ ಡ್ರಿಪ್ ಪೈಪು (ಲ್ಯಾಟರಲ್) ಇದ್ದರೆ ಅದನ್ನು ಕಳೆಯಿರಿ. ನಡುವೆ ಬಾಳೆಯೋ ಕೋಕೋವೋ ಇದ್ದರೆ ಲೆಕ್ಕವೇ ಬೇರೆ. ನಮ್ಮ ಹಳೇ ತೋಟ ಅಪ್ಪನ ಕಾಲದ್ದು. ಹಗ್ಗ ಹಿಡಿಯದೆ ಕಣ್ಣಂದಾಜಿನಲ್ಲಿ ನೆಟ್ಟ ಸಾಲು. ಒಂದು ತುದಿಯಲ್ಲಿ ಒಂಬತ್ತಡಿ ಇದ್ದದ್ದು ಇನ್ನೊಂದು ತುದಿಗೆ ಏಳೂವರೆ ಆಗುತ್ತದೆ. ಹಾಗಾಗಿ ಅತಿ ಇಕ್ಕಟ್ಟಾದ ಜಾಗದ ಅಳತೆಯೇ ನಿಮ್ಮ ಅಳತೆ. ಸಾಲಿನ ಕೊನೆಯಲ್ಲಿ ತಿರುಗಿಸಲು ಎಷ್ಟು ಜಾಗ ಇದೆ ಎಂದೂ ನೋಡಿ. ಹಿಂದೆ ಸಲಕರಣೆ ಕಟ್ಟಿದ ಮೇಲೆ ಗಾಡಿಯ ಉದ್ದ ಜಾಸ್ತಿಯಾಗುತ್ತದೆ, ಬೇಲಿಗೆ ಒತ್ತಿಕೊಂಡ ತೋಟದಲ್ಲಿ ಇದು ದೊಡ್ಡ ತಲೆನೋವು.

ಇನ್ನು ಟ್ರ್ಯಾಕ್ಟರ್‌ನ ಅಂಕಿಗಳು. ಎಲ್ಲರೂ ಎಚ್‌ಪಿ ಎಷ್ಟು ಎಂದು ಕೇಳುತ್ತಾರೆ. ಟ್ರ್ಯಾಕ್ಟರ್ ಹಿಂದೆ ಸಲಕರಣೆಗೆ ಶಕ್ತಿ ಕೊಡುವ ತಿರುಗುವ ದಂಡಕ್ಕೆ ಪಿಟಿಒ ಅನ್ನುತ್ತಾರೆ. ಸಲಕರಣೆ ತಿರುಗಿಸುವುದು ಪಿಟಿಒ ಎಚ್‌ಪಿ, ಅದು ಎಂಜಿನ್ ಎಚ್‌ಪಿಗಿಂತ ಕಡಿಮೆ ಇರುತ್ತದೆ. 24 ಎಚ್‌ಪಿ ಗಾಡಿಯಲ್ಲಿ 19–20ರ ಆಸುಪಾಸು ಸಿಗುತ್ತದೆ ಎಂದು ಇಟ್ಟುಕೊಳ್ಳಿ. ಎರಡನೆಯದು ಹೈಡ್ರಾಲಿಕ್ ಎತ್ತುವ ಭಾರ. ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರಾ ಜಿವೊ 245 ಈ ಎರಡೂ 24 ಎಚ್‌ಪಿ ಗಾಡಿಗಳು, ಎರಡಕ್ಕೂ ಕಂಪನಿ ಹೇಳುವುದು 750 ಕೆಜಿ. ಅದು ಕೆಳಗಿನ ಎರಡು ತೋಳಿನ ತುದಿಯಲ್ಲಿ ಎತ್ತುವ ಲೆಕ್ಕ. ಸಲಕರಣೆಯ ಭಾರ ಹಿಂದಕ್ಕೆ ಹೋದಷ್ಟೂ ಈ ಶಕ್ತಿ ಕಡಿಮೆಯಾಗುತ್ತದೆ. ಸ್ಪ್ರೇಯರ್ ನೋಡುವಾಗ ಇದನ್ನು ಮರೆಯಬೇಡಿ. 400 ಲೀಟರ್ ಟ್ಯಾಂಕ್ ತುಂಬಿದರೆ ನೀರಿನದೇ 400 ಕೆಜಿ, ಅದರ ಮೇಲೆ ಫ್ರೇಮು, ಪಂಪು. ಎತ್ತಿದರೂ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಡೆಮೊ ಕೊಡುವಾಗ ಖಾಲಿ ಟ್ಯಾಂಕಿನಲ್ಲಿ ತೋರಿಸುತ್ತಾರೆ. ನೀರು ತುಂಬಿಸಿ ಎತ್ತಿಸಿ, ಆಮೇಲೆ ಓಡಿಸಿ ನೋಡಿ. ದೊಡ್ಡ ಟ್ಯಾಂಕೇ ಬೇಕಿದ್ದರೆ ಎಳೆದುಕೊಂಡು ಹೋಗುವ ಚಕ್ರದ ಸ್ಪ್ರೇಯರ್ ಒಳ್ಳೆಯದು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಕಬ್ಬಿಣ ತಾಗುವ ಟ್ಯಾಂಕು, ಪಂಪು ಬೇಡವೇ ಬೇಡ. ಮೈಲುತುತ್ತ ಕಬ್ಬಿಣವನ್ನು ತಿಂದುಹಾಕುತ್ತದೆ.

ಮೂರನೆಯದು ಪಿನ್ನು. ಮಿನಿ ಟ್ರ್ಯಾಕ್ಟರ್‌ಗಳ ಕೆಳತೋಳಿಗೆ ಸಾಮಾನ್ಯವಾಗಿ 22 ಮಿಮೀ ಪಿನ್, ದೊಡ್ಡ ಗಾಡಿಗಳ ಸಲಕರಣೆಗೆ 28 ಮಿಮೀ. ಅಣ್ಣತಮ್ಮಂದಿರ ದೊಡ್ಡ ಟ್ರ್ಯಾಕ್ಟರ್‌ನ ಕಲ್ಟಿವೇಟರ್ (ಗುಳಗಳಿಂದ ನೆಲ ಸಡಿಲ ಮಾಡುವ ಸಲಕರಣೆ) ತಂದು ಹಾಕಿಕೊಂಡರಾಯ್ತು ಎನ್ನುವ ಲೆಕ್ಕ ಇಲ್ಲೇ ಕೆಡುತ್ತದೆ. ಪಿನ್ ಬದಲಾಯಿಸಿ ಕೂರಿಸಬಹುದು. ಆದರೆ ಒಂಬತ್ತು ಗುಳದ ಕಲ್ಟಿವೇಟರ್ ಅನ್ನು ಈ ಗಾಡಿ ಎಳೆಯುವುದಿಲ್ಲ ಅಲ್ವಾ?

ಹುಲ್ಲಿನ ಯಂತ್ರದಲ್ಲಿ ಎರಡು ಬಗೆ ಇವೆ. ಸ್ಲ್ಯಾಷರ್‌ನಲ್ಲಿ ಬ್ಲೇಡು ನೆಲಕ್ಕೆ ಸಮಾಂತರವಾಗಿ, ಫ್ಯಾನಿನ ಹಾಗೆ ಸುತ್ತುತ್ತದೆ. ಬೆಲೆ ಕಡಿಮೆ, ರಿಪೇರಿ ಸುಲಭ. ಬರೀ ಹುಲ್ಲು, ತೆಳು ಗಿಡಗಂಟಿಗೆ ಸಾಕು. ಫ್ಲೇಲ್ ಮಲ್ಚರ್‌ನಲ್ಲಿ ಅಡ್ಡ ಉರುಳೆಗೆ ಸಣ್ಣ ಸಣ್ಣ ಸುತ್ತಿಗೆಗಳು ಇರುತ್ತವೆ. ಅದು ಬಿದ್ದ ಅಡಿಕೆ ಸೋಗೆ, ಹಾಳೆಯನ್ನೂ ಚೂರು ಮಾಡುತ್ತದೆ. ಬೆಲೆ ಜಾಸ್ತಿ, ಭಾರವೂ ಜಾಸ್ತಿ. ನನ್ನ ತೋಟಕ್ಕೆ ನಾನು ಆರಿಸಿದ್ದು ನಾಲ್ಕಡಿಯ ಮಲ್ಚರ್, ಏಕೆಂದರೆ ಸೋಗೆ ಎತ್ತಿ ಗುಡ್ಡೆ ಹಾಕುವ ಕೂಲಿ ಉಳಿಯಬೇಕಿತ್ತು. ಚೂರಾದ ಸೋಗೆ ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪಾಗಿ ಮಣ್ಣಿಗೆ ಸೇರಲು ಶುರುವಾಗುತ್ತದೆ, ಇದು ನನಗೆ ತುಂಬ ಖುಷಿ ಕೊಡುವ ವಿಷಯ. ತೆಂಗಿನ ಗರಿಯ ಬುಡದ ಮಟ್ಟೆ ಬೇರೆ ಮಾತು. ಅದು ದಪ್ಪ, ನಾರು. ನಿಮ್ಮದೇ ತೋಟದ ಮಟ್ಟೆ ಹಾಕಿಸಿ ನೋಡದೆ ದುಡ್ಡು ಕೊಡಬೇಡಿ.

ಎರಡರಲ್ಲೂ ಅಗಲ ನೋಡುವ ರೀತಿ ಒಂದೇ. ಸಲಕರಣೆಯು ಹಿಂದಿನ ಟೈರುಗಳ ಹೊರ ಅಂಚನ್ನು ಮುಚ್ಚಬೇಕು. ಇಲ್ಲದಿದ್ದರೆ ಟೈರು ತುಳಿದ ಹುಲ್ಲು ಹಾಗೇ ಉಳಿಯುತ್ತದೆ. ಮರದ ಬುಡದ ಹತ್ತಿರ ಹೋಗಬೇಕಾದರೆ ಪಕ್ಕಕ್ಕೆ ಸರಿಸುವ ಆಫ್‌ಸೆಟ್ ಸೌಲಭ್ಯ ಇರುವುದನ್ನು ಕೇಳಿ. ಮುಂದೆ ಹಿಂದೆ ಸರಪಳಿಯ ತಡೆಯೋ ರಬ್ಬರ್ ಪರದೆಯೋ ಇರಲೇಬೇಕು. ನಮ್ಮ ಕೆಂಪು ನೆಲದಲ್ಲಿ ಬೆಣಚುಕಲ್ಲು ಎಲ್ಲೆಲ್ಲೂ ಇದೆ, ಬ್ಲೇಡಿಗೆ ಸಿಕ್ಕರೆ ಗುಂಡಿನಂತೆ ಹಾರುತ್ತದೆ.

ರಾಗಿ ಹೊಲಕ್ಕೆ ಬಂದರೆ ರೋಟವೇಟರ್‌ಗೆ ಕೆಲಸ ಇದೆ. 24 ಎಚ್‌ಪಿಗೆ ನಾಲ್ಕಡಿ ಸಾಕು, 18 ಎಚ್‌ಪಿಗೆ ಮೂರು, ಮೂರೂವರೆ. ‘ಐದಡಿ ತಗೊಳ್ಳಿ, ಬೇಗ ಮುಗಿಯುತ್ತೆ’ ಎಂದು ಹೇಳುವವರು ಸಿಗುತ್ತಾರೆ. ಹದ ನೆಲದಲ್ಲಿ ಅದು ತಿರುಗಬಹುದು, ಗಟ್ಟಿ ನೆಲ ಸಿಕ್ಕ ಕೂಡಲೇ ಎಂಜಿನ್ ಎಳೆಯಲಾರದೆ ಉಸಿರು ಕಟ್ಟುತ್ತದೆ. ಬ್ಲೇಡು ಎಲ್ ಆಕಾರದ್ದೇ ಸಾಮಾನ್ಯ ಕೆಲಸಕ್ಕೆ ಆಗುತ್ತದೆ. ಪಕ್ಕದ ಡ್ರೈವ್ ಚೈನಿನದಾದರೆ ಬೆಲೆ ಕಡಿಮೆ, ಆಗಾಗ ಬಿಗಿ ನೋಡುತ್ತಿರಬೇಕು. ಗೇರ್ ಡ್ರೈವ್ ದುಬಾರಿ, ಬಾಳಿಕೆ ಹೆಚ್ಚು. ಒಂದು ಮಾತು. ವರ್ಷವರ್ಷ ಬರೀ ರೋಟವೇಟರ್‌ನಲ್ಲೇ ಹೊಲ ಮಾಡಿದರೆ ಬ್ಲೇಡು ಇಳಿಯುವ ಆಳಕ್ಕೆ ಸರಿಯಾಗಿ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಎರೆ ನೆಲ ಹಸಿಯಿದ್ದಾಗ ಹೊಡೆದರೆ ಇನ್ನೂ ಬೇಗ. ಅದಕ್ಕೇ ಮುಂಗಾರಿನ ಮೊದಲ ಹದಕ್ಕೆ ಐದು ಗುಳದ ಕಲ್ಟಿವೇಟರ್ ಹಾಕಿ. ಕಲ್ಲು ನೆಲಕ್ಕೆ ಸ್ಪ್ರಿಂಗ್ ಇರುವುದೇ ಬೇಕು, ಕಲ್ಲಿಗೆ ತಾಗಿದ ಗುಳ ಹಿಂದೆ ಬಾಗಿ ಮತ್ತೆ ಕೂರುತ್ತದೆ. ಬಿತ್ತನೆಗೆ ಕೂರಿಗೆ ಕೊಳ್ಳುವವರು ಸಾಲಿನ ಅಂತರ ಹೊಂದಿಸಲು ಬರುವಂಥದ್ದು ನೋಡಿ. ರಾಗಿಗೆ 30 ಸೆಂ.ಮೀ. ಇಟ್ಟರೆ ಮುಂದೆ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯಲು ಸುಲಭ.

ಟ್ರೈಲರ್ ಸಣ್ಣದೇ ಇರಲಿ. ಈ ಗಾಡಿಗಳು ಹಗುರ. ಇಳಿಜಾರಿನಲ್ಲಿ ತುಂಬಿದ ಟ್ರೈಲರ್ ಗಾಡಿಯನ್ನೇ ಹಿಂದಿನಿಂದ ತಳ್ಳುತ್ತದೆ.

ಗುಂಡಿ ತೋಡುವ ಆಗರ್ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಸಸಿ ನೆಡುವ ವರ್ಷ ಬಿಟ್ಟರೆ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಅಡಿಕೆ ಸಸಿಗೆ ಹೇಳುವ ಮೂರಡಿ ಅಗಲದ ಗುಂಡಿಯನ್ನು ಅದರಿಂದ ಪೂರ್ತಿ ತೋಡಲೂ ಆಗುವುದಿಲ್ಲ. ಕೂರಿಗೆ, ಕಲ್ಟಿವೇಟರ್ ಕೂಡ ಎರಡು ಎಕರೆಗಿಂತ ಕಡಿಮೆ ಹೊಲ ಇದ್ದರೆ ಬಾಡಿಗೆಯೇ ಲಾಭ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಬಾಡಿಗೆಗೆ ತಂದು ನಿಮ್ಮ ನೆಲದಲ್ಲಿ ಓಡಿಸಿದರೆ ಅದು ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬೇರೆ ಬೇರೆ ಕಂಪನಿಯವು ಒಂದೇ ಕಡೆ ನೋಡಬೇಕಿದ್ದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಜಿಕೆವಿಕೆ ಆವರಣದಲ್ಲಿ ನಡೆಸುವ ಕೃಷಿ ಮೇಳಕ್ಕೆ ಹೋಗಿ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಇರುತ್ತದೆ. ಟೇಪು ಅಲ್ಲಿಗೂ ಒಯ್ಯಿರಿ.

ಪಿಟಿಒ ಶಾಫ್ಟ್ ಬಗ್ಗೆ ಜೋರಾಗಿಯೇ ಹೇಳುತ್ತೇನೆ. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಸೆರಗು, ಪಂಚೆ, ಟವೆಲ್ಲಿನ ತುದಿ ಸಿಕ್ಕರೆ ಕೈ ಎಳೆದುಕೊಳ್ಳಲೂ ಸಮಯ ಇರುವುದಿಲ್ಲ. ಪ್ಲಾಸ್ಟಿಕ್ ಕವಚ ಇಲ್ಲದ ಶಾಫ್ಟ್ ಇರುವ ಸಲಕರಣೆಯನ್ನು ಮನೆಗೆ ತರಬೇಡಿ. ನಮ್ಮಲ್ಲಿ ಎಂಜಿನ್ ಆಫ್ ಮಾಡದೆ ಯಾರೂ ಹಿಂದಕ್ಕೆ ಹೋಗುವ ಹಾಗಿಲ್ಲ, ಸೋಗೆ ಸಿಕ್ಕಿಕೊಂಡಿದ್ದರೂ ಅಷ್ಟೇ. ಶಾಫ್ಟಿನ ಉದ್ದವನ್ನು ಮೆಕ್ಯಾನಿಕ್ ನಿಮ್ಮ ಗಾಡಿಗೇ ಕಟ್ಟಿ ಹೊಂದಿಸಬೇಕು. ಎತ್ತಿದಾಗಲೂ ಇಳಿಸಿದಾಗಲೂ ಒಳಗಿನ ಕೊಳವೆ ಹೊರಗಿನದರೊಳಗೆ ಮೂರನೇ ಒಂದು ಭಾಗವಾದರೂ ಇರಬೇಕು, ತಳಕ್ಕೆ ಮಾತ್ರ ಬಡಿಯಬಾರದು. ಶಿಯರ್ ಬೋಲ್ಟ್ ಮುರಿದರೆ ಸುಮ್ನೆ ಸಿಕ್ಕ ಗಟ್ಟಿ ಬೋಲ್ಟ್ ಹಾಕಬೇಡಿ. ಅದು ಮುರಿಯುವುದೇ ಗೇರ್‌ಬಾಕ್ಸ್ ಉಳಿಸಲು.

ಸಬ್ಸಿಡಿ ಬೇಕಿದ್ದರೆ ದುಡ್ಡು ಕಟ್ಟುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಪಟ್ಟಿಯಲ್ಲಿರುವ ಕಂಪನಿ, ಪಟ್ಟಿಯಲ್ಲಿರುವ ಮಾಡೆಲ್‌ಗೆ ಮಾತ್ರ ಸಹಾಯಧನ ಬರುತ್ತದೆ. ಆದರೆ ಸಬ್ಸಿಡಿ ಇದೆ ಎಂದು ನಿಮ್ಮ ಸಾಲಿಗೆ ಹಿಡಿಸದ ಅಗಲದ್ದನ್ನು ತರಬೇಡಿ. ಸಾಮಾನು ಇಳಿಸಿಕೊಳ್ಳುವ ದಿನ ಗೇರ್‌ಬಾಕ್ಸಿನಲ್ಲಿ ಎಣ್ಣೆ ಇದೆಯೇ ಎಂದು ನಿಮ್ಮ ಕಣ್ಣಲ್ಲೇ ನೋಡಿ, ಸಾಗಿಸುವಾಗ ಕೆಲವನ್ನು ಖಾಲಿಯೇ ಕಳಿಸುತ್ತಾರೆ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, ಬ್ಲೇಡು, ಬೇರಿಂಗ್ ನಿಮ್ಮ ತಾಲ್ಲೂಕಿನ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅಲ್ಲೇ ನಿಂತು ಕೇಳಿ.