ಕೆತ್ತನೆಯ ಹಳೆಯ ಓಕ್ ಸ್ಟೂಲನ್ನು ಶುಚಿಗೊಳಿಸುವ ಕ್ರಮ

ಮೈಸೂರಿನ ಹಳೆಯ ಬಂಗಲೆಗಳ ಸಾಮಾನು ಮಾರಾಟಕ್ಕೆ ಬಂದಾಗ ಬೀಟೆ, ತೇಗದ ಕುರ್ಚಿಗಳ ನಡುವೆ ಇಂಗ್ಲೆಂಡಿನ ಗಾಥಿಕ್ ಪುನರುಜ್ಜೀವನ ಶೈಲಿಯ, ಅಂದರೆ ಮಧ್ಯಯುಗದ ಚರ್ಚುಗಳ ವಿನ್ಯಾಸವನ್ನು ಮತ್ತೆ ಬಳಕೆಗೆ ತಂದ ಶೈಲಿಯ, ಓಕ್ ಸ್ಟೂಲೊಂದು ಸಿಕ್ಕರೆ, ಅದನ್ನು ಪಾಲಿಶ್‌ಗೆ ಕಳುಹಿಸುವ ಆತುರ ಬೇಡ. 1834ರ ಬೆಂಕಿಯಲ್ಲಿ ಸುಟ್ಟ ಲಂಡನ್ನಿನ ಸಂಸತ್ ಭವನವನ್ನು ಮತ್ತೆ ಕಟ್ಟಿದಾಗ ಅದರ ಒಳಾಂಗಣವನ್ನು ರೂಪಿಸಿದ ಪ್ಯೂಜಿನ್ ಈ ಶೈಲಿಯ ಪ್ರಮುಖ ವಿನ್ಯಾಸಕಾರ. 1933ರಲ್ಲಿ ಅಡಿಗಲ್ಲು ಕಂಡ ನಮ್ಮ ಸಂತ ಫಿಲೋಮಿನಾ ಚರ್ಚಿನಲ್ಲಿರುವಂಥ ಮೊನಚು ಕಮಾನುಗಳೂ ಮೂರೆಸಳು, ನಾಲ್ಕೆಸಳಿನ ಕೆತ್ತನೆಯೂ ಇದರ ಗುರುತು.

ಮೊದಲು ಸ್ಟೂಲನ್ನು ಬೋರಲು ಹಾಕಿ, ಬಣ್ಣ ತಾಗದ ಅಡಿಭಾಗವನ್ನು ಬೆಳಕಿನಲ್ಲಿ ನೋಡಿ. ಕೆಲವು ಹಲಗೆಗಳಲ್ಲಿ ಎಳೆಗಳಿಗೆ ಅಡ್ಡಲಾಗಿ ಹೊಳೆಯುವ ಅಗಲ ಪಟ್ಟೆಗಳಿದ್ದರೆ ಅದು ಓಕ್ ಎನ್ನಲು ಒಳ್ಳೆಯ ಆಧಾರ. ತೇಗದಲ್ಲಿ ಅಂಥ ಪಟ್ಟೆಗಳಿರುವುದಿಲ್ಲ. ಕೂಡುಗಳಲ್ಲಿ ಬಡಿದ ಮರದ ಬೆಣೆಗಳು ತುಸು ಹೊರಚಾಚಿದ್ದರೆ ಕತ್ತರಿಸಬೇಡಿ, ಸುತ್ತಲ ಮರ ವರ್ಷಗಳಿಂದ ಕುಗ್ಗುತ್ತ ಬಂದುದರ ಕುರುಹು ಅದು. ಸಣ್ಣ ತೂತುಗಳಿದ್ದರೆ ಅಡಿಯಲ್ಲಿ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಉದುರಿದರೆ ಒಳಗೆ ಹುಳುವಿರುವ ಸಂಭವವಿದ್ದು, ಮನೆಯ ಉಳಿದ ಮರದಿಂದ ಅದನ್ನು ದೂರವಿಟ್ಟು ಔಷಧ ಹಾಕಿಸಬೇಕು.

ಶುಚಿಗೊಳಿಸಲು ಮೆತ್ತನೆಯ ಹೊಸ ಪೇಂಟ್ ಬ್ರಷ್ ಸಾಕು. ಕೆತ್ತನೆಯ ಸಂದುಗಳ ಧೂಳನ್ನು ಒಣಗಿದ್ದಂತೆಯೇ ತೆಗೆದು, ಗಟ್ಟಿಯಾದ ಹಳೆಯ ಮೇಣವನ್ನು ಬಿದಿರುಕಡ್ಡಿಯಿಂದ ನಯವಾಗಿ ಎಬ್ಬಿಸಿ. ಉಕ್ಕಿನ ನಾರನ್ನು ಮಾತ್ರ ಹತ್ತಿರ ತರಬೇಡಿ: ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳವಾಗಿದ್ದು, ಉದುರಿದ ಕಬ್ಬಿಣದ ಚೂರುಗಳು ತೇವದೊಡನೆ ಸೇರಿ ನೀಲಿಗಪ್ಪು ಕಲೆಗಳನ್ನು ಮೂಡಿಸುತ್ತವೆ. ಸಡಿಲ ಕಾಲಿಗೆ ಕಬ್ಬಿಣದ ಮೊಳೆ ಹೊಡೆಸಬಾರದೆಂಬುದಕ್ಕೂ ಇದೇ ಕಾರಣ. ಉಜ್ಜುಕಾಗದವಂತೂ ತಲೆಮಾರುಗಳ ಕೈಸ್ಪರ್ಶದಿಂದ ಬಂದ ಗಾಢ ಮೆರುಗನ್ನೂ ಉಳಿಯ ಗುರುತುಗಳನ್ನೂ ಒಟ್ಟಿಗೆ ಅಳಿಸುತ್ತದೆ. ಆ ನಷ್ಟವನ್ನು ಯಾವ ಪಾಲಿಶ್ ಕೂಡ ತುಂಬಿಕೊಡದು.

ಕೊನೆಗೆ ಟರ್ಪೆಂಟೈನ್‌ನಲ್ಲಿ ಮೆದುವಾಗಿಸಿದ ಜೇನುಮೇಣವನ್ನು ಹತ್ತಿಬಟ್ಟೆಯಿಂದ ತೆಳ್ಳಗೆ ಸವರಿ, ಒಣಗಿದ ಮೇಲೆ ಉಜ್ಜಿ. ಮೇಣವನ್ನು ಬೆಂಕಿಯ ಮೇಲೆ ಟರ್ಪೆಂಟೈನ್‌ನೊಡನೆ ಕಾಯಿಸಬಾರದು, ಅದು ಹೊತ್ತಿಕೊಳ್ಳುತ್ತದೆ. ದಿನವೂ ನೆಲ ಒರೆಸುವ ಮನೆಯಲ್ಲಿ ಕಾಲಿನ ತುದಿ ನೀರು ಹೀರುವುದರಿಂದ ಒರೆಸುವ ಮುನ್ನ ಸ್ಟೂಲನ್ನು ಎತ್ತಿಟ್ಟು, ನೆಲ ಪೂರ್ತಿ ಆರಿದ ಮೇಲೆಯೇ ಇಳಿಸಬೇಕು. ಮಳೆಗಾಲದಲ್ಲಿ ತೇವದ ಗೋಡೆಗೆ ತಾಗಿಸಿಡಬಾರದು.