ಮಂಗಳವಾರದ ಮೂರು ಲೋಟ: ಪುಡಿ ಅಂಗಡಿಯಲ್ಲಿ ಕಾಫಿ ರುಚಿ ನೋಡಿಸಿದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ಇಟ್ಟವನು ವಾರಕ್ಕೊಂದು ಸಂಜೆ ಜನರನ್ನು ಕೂರಿಸಿ ಕಾಫಿ ರುಚಿ ನೋಡಿಸುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಪಕ್ಕದ ಅಂಗಡಿಯವರು ನಂಬಲಿಲ್ಲ, ನನಗೆ ಬೀಜ ಕೊಡುವ ಕ್ಯೂರಿಂಗ್ ವರ್ಕ್ಸ್‌ನವರೂ (ಒಣಗಿದ ಕಾಫಿಯ ಸಿಪ್ಪೆ ತೆಗೆದು ದರ್ಜೆ ಮಾಡುವ ಕಾರ್ಖಾನೆಯವರು) ನಂಬಲಿಲ್ಲ. ನಮ್ಮ ಮಾವನವರಂತೂ "ತೋಟದವರ ಊರಲ್ಲಿ ಕಾಫಿ ಪಾಠ ಹೇಳೋಕೆ ಹೋಗ್ಬೇಡಿ, ಇರೋ ಗಿರಾಕಿನೂ ಕಳ್ಕೋತೀರಿ" ಅಂದುಬಿಟ್ಟರು. ಎರಡು ಮಳೆಗಾಲ ಕಳೆದವು, ಮಂಗಳವಾರದ ಕೂಟ ನಡೆಯುತ್ತಲೇ ಇದೆ. ಅಂಗಡಿಯಲ್ಲಿ ಹದಿನೆಂಟು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹೆಸರು ಬರೆಸದೆ ಬಂದವರಿಗೆ ಮುಂದಿನ ವಾರ ಬನ್ನಿ ಅನ್ನಬೇಕಾಗಿದೆ. ಹಾಸನ, ಸಕಲೇಶಪುರ, ಕೊಪ್ಪದ ಕಡೆ ಪುಡಿ ಅಂಗಡಿ ನಡೆಸುವ ಕೆಲವರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹುರಿಯುವುದು, ಬೀಸುವುದು, ಬ್ಲೆಂಡ್ ಕೂಡಿಸುವುದು ನಿಮಗೆ ಗೊತ್ತಿದ್ದದ್ದೇ. ಅದನ್ನೆಲ್ಲ ಬಿಡುತ್ತೇನೆ.

ಮೊದಲು ಹಿಡಿದದ್ದು ಕಪ್ಪಿಂಗ್, ಅಂದರೆ ಕಾಫಿ ವೃತ್ತಿಯವರು ರುಚಿ ನೋಡುವ ಕ್ರಮ. ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿಗೆ ಹೋಗಿ ಬಂದ ಹುಮ್ಮಸ್ಸು ಇತ್ತು. 150 ಮಿ.ಲೀ. ನೀರಿಗೆ ಎಂಟೂಕಾಲು ಗ್ರಾಂ ಪುಡಿ, ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರ ಒಡೆಯುವುದು, ಚಮಚದಲ್ಲಿ ಸೊರ್ರನೆ ಎಳೆಯುವುದು, ಎಲ್ಲವನ್ನೂ ಹಾಗೆಯೇ ಮಾಡಿದೆ. ಹಲಗೆಯ ಮೇಲೆ ಕಿತ್ತಳೆ, ಜೇನು, ಚಾಕೊಲೇಟ್ ಅಂತ ಬರೆದಿಟ್ಟೆ. ಬಂದವರು ಮರ್ಯಾದೆಗೆ ತಲೆಯಾಡಿಸಿದರು. ನಾಲ್ಕು ಜನರ ಎದುರು ಸದ್ದು ಮಾಡಿ ಎಳೆಯಲು ಹೆಂಗಸರಿಗೆ ಸಂಕೋಚ. ಹಾಲು ಸಕ್ಕರೆ ಇಲ್ಲದ ಒಳ್ಳೆಯ ವಾಷ್ಡ್ (ಹಣ್ಣು ಸುಲಿದು, ತೊಳೆದು ಒಣಗಿಸಿದ) ಅರೇಬಿಕಾ ಕೊಟ್ಟರೆ "ಹುಳಿಯಾಗಿದೆಯಲ್ಲ, ಪುಡಿ ಕೆಟ್ಟಿದೆಯಾ?" ಅಂದರು. ಹೋಗುವಾಗ ಮಾತ್ರ ಎಂದಿನಂತೆ ಕಾಲು ಕೆ.ಜಿ. 60:40 (ಅರವತ್ತು ಪಾಲು ಕಾಫಿ, ನಲವತ್ತು ಪಾಲು ಚಿಕೋರಿ) ಕಟ್ಟಿಸಿಕೊಂಡು ಹೋದರು. ಬಟ್ಟಲು, ಚಮಚ, ಸ್ಯಾಂಪಲ್ ಹುರಿಯಲು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಸಣ್ಣ ಮಷಿನ್, ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಇಳಿಯಿತು. ಮಷಿನ್ ಈಗಲೂ ದುಡಿಯುತ್ತಿದೆ. ಬಟ್ಟಲುಗಳು ಅಟ್ಟ ಸೇರಿವೆ.

ಆಮೇಲೆ ಪುಕ್ಕಟೆ ಮಾಡಿ ನೋಡಿದೆ. ಶನಿವಾರ ತೋಟದವರಿಗೆ ಬಟವಾಡೆ, ಬರಲಾಗುವುದಿಲ್ಲ. ಭಾನುವಾರ ಮುಳ್ಳಯ್ಯನಗಿರಿಯಿಂದ ಇಳಿದ ಕಾರುಗಳೆಲ್ಲ ಬಾಗಿಲಿಗೆ ಬಂದವು. ನಾಲ್ಕು ಲೋಟ ಕುಡಿದರು, ಫೋಟೋ ತೆಗೆದುಕೊಂಡರು, ಹೋದರು. ಹಾಲಿನ ಖರ್ಚೇ ದಿನಕ್ಕೆ ಆರೇಳುನೂರು ಮುಟ್ಟಿತು. ಪ್ರವಾಸಿಗರ ಮೇಲೆ ನನಗೆ ಸಿಟ್ಟಿಲ್ಲ, ಅವರು ಒಂದು ಸಲದ ಗಿರಾಕಿ ಅಷ್ಟೆ. ನನಗೆ ಬೇಕಿದ್ದದ್ದು ತಿಂಗಳು ತಿಂಗಳು ಡಬ್ಬಿ ಖಾಲಿಯಾಗುವ ಮನೆಗಳು. ಹಾಗಾಗಿ ಮಂಗಳವಾರಕ್ಕೆ ಬದಲಾಯಿಸಿದೆ, ಸಂಜೆ ಐದೂವರೆಗೆ. ಅದಕ್ಕಿಂತ ತಡವಾದರೆ ಹಿರಿಯರು ನಿದ್ದೆ ಬರೋದಿಲ್ಲ ಅಂತ ಬರುವುದೇ ಇಲ್ಲ.

ಕೂಟ ತಿರುಗಿದ್ದು ನಾನು ಪಾಠ ನಿಲ್ಲಿಸಿದ ಮೇಲೆ. ಈಗಿನ ಕ್ರಮ ಹೀಗಿದೆ. ವಾರಕ್ಕೆ ಒಂದು ವಿಷಯ, ಆ ವಿಷಯದೊಳಗೆ ಒಂದೇ ವ್ಯತ್ಯಾಸ. ಪ್ರತಿಯೊಬ್ಬರ ಮುಂದೆ ಮೂರು ಲೋಟ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದು ಹೇಳಿ, ಅಷ್ಟೇ. ಜನ ಮನೆಯಲ್ಲಿ ಕುಡಿಯುವ ಹಾಗೆಯೇ ಹಾಲು ಸಕ್ಕರೆ ಹಾಕಿ ಕೊಡುತ್ತೇನೆ. ಇದು ನಾನು ಕಂಡುಹಿಡಿದದ್ದಲ್ಲ, ಆಹಾರ ಪರೀಕ್ಷೆ ಮಾಡುವವರ ಹಳೆಯ ಪದ್ಧತಿ. ಆದರೆ ಪುಡಿ ಅಂಗಡಿಯ ಕೌಂಟರ್ ಮೇಲೆ ತಂದವರನ್ನು ನಾನಂತೂ ನೋಡಿಲ್ಲ. ಇದರ ದೊಡ್ಡ ಗುಣ ಏನೆಂದರೆ ಲೆಕ್ಕ ಸುಳ್ಳು ಹೇಳುವುದಿಲ್ಲ. ಹದಿನೆಂಟು ಜನರಲ್ಲಿ ಆರು ಜನ ಸುಮ್ಮನೆ ಕೈ ತೋರಿಸಿದರೂ ಸರಿಯಾಗಬಹುದು. ಹತ್ತು ಮುಟ್ಟಿದರೆ ಮಾತ್ರ ನಾಲಿಗೆಗೆ ವ್ಯತ್ಯಾಸ ನಿಜವಾಗಿ ಸಿಕ್ಕಿದೆ ಅಂತ ತಿಳಿಯುತ್ತೇನೆ.

ಲೋಟ ಅರವತ್ತು ಮಿ.ಲೀ. ಹಿಡಿಯುವ ಸ್ಟೀಲಿನವು. ಪೇಪರ್ ಕಪ್ ತರಬೇಡಿ, ಅದರ ವಾಸನೆಯೇ ಕಾಫಿಗೆ ಬರುತ್ತದೆ. ಯಾವುದರಲ್ಲಿ ಯಾವ ಕಾಫಿ ಅಂತ ಗುರುತಿಗೆ ತಳಕ್ಕೆ ನೈಲ್ ಪಾಲಿಶ್ ಚುಕ್ಕೆ ಇಟ್ಟರೆ ತೊಳೆದರೂ ಹೋಗುವುದಿಲ್ಲ. 80 ಗ್ರಾಂ ಪುಡಿಗೆ 400 ಮಿ.ಲೀ. ನೀರು, ಒಂದು ಪಾಲು ಡಿಕಾಕ್ಷನ್‌ಗೆ ಎರಡೂವರೆ ಪಾಲು ಹಾಲು. ನಮ್ಮ ಊರು ಸಾವಿರ ಮೀಟರಿಗಿಂತ ಮೇಲಿರುವುದರಿಂದ ನೀರು ಕುದಿಯುವುದೇ 96 ಡಿಗ್ರಿ ಆಸುಪಾಸಿನಲ್ಲಿ. ಇಳಿಸಿ ಆರಿಸುವ ಗೋಜಿಲ್ಲ, ಕುದಿ ನಿಂತ ಕೂಡಲೇ ಹಾಕಬಹುದು. ಎರಡೂ ಪುಡಿಯನ್ನು ಒಂದೇ ದಿನ ಹುರಿದು ಮೂರ್ನಾಲ್ಕು ದಿನ ಇಟ್ಟಿರಬೇಕು, ಇಲ್ಲದಿದ್ದರೆ ಜನ ತಾಜಾತನ ಹಿಡಿಯುತ್ತಾರೆ, ಬೀಜವನ್ನಲ್ಲ. ಮುಖ್ಯ ಕಷ್ಟ ಬಿಸಿಯದು. ಮೂರು ಲೋಟಗಳಲ್ಲಿ ಒಂದು ಸ್ವಲ್ಪ ಆರಿದ್ದರೂ ಎಲ್ಲರೂ ಅದನ್ನೇ ತೋರಿಸುತ್ತಾರೆ. ಐವತ್ನಾಲ್ಕು ಲೋಟವನ್ನು ಒಂದೇ ಬಿಸಿಯಲ್ಲಿ ಮುಂದಿಡುವುದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕೂಟ ನಿಂತಿರುವುದೇ ಅದರ ಮೇಲೆ.

ಹೆಚ್ಚು ಗದ್ದಲ ಎಬ್ಬಿಸಿದ್ದು ಚಿಕೋರಿ ವಾರಗಳು. ಒಂದು ವಾರ ಶುದ್ಧ ಕಾಫಿಗೂ 80:20ಕ್ಕೂ, ಮುಂದಿನ ವಾರ 80:20ಕ್ಕೂ 70:30ಕ್ಕೂ, ಆಮೇಲೆ 70:30ಕ್ಕೂ 60:40ಕ್ಕೂ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಪ್ಯಾಕೆಟ್ ಮೇಲೆ ಪ್ರಮಾಣ ಬರೆದಿರಬೇಕು. ಆದರೆ ಆ ಅಂಕಿ ನೋಡಿ ಕೊಳ್ಳುವ ಗಿರಾಕಿ ಹತ್ತಕ್ಕೆ ಒಬ್ಬರಿಲ್ಲ. ನಮ್ಮನೇಲಿ ಚಿಕೋರಿ ಮುಟ್ಟೋದೇ ಇಲ್ಲ ಅಂತ ಎದೆ ತಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದು ಚೆನ್ನಾಗಿದೆ ಅಂತ ಎತ್ತಿದ್ದು 80:20. ಹಾಲು ಹಾಕಿದಾಗ ಆ ಸ್ವಲ್ಪ ಚಿಕೋರಿ ಮೈ, ಅಂದರೆ ಗಟ್ಟಿತನ, ಕೊಡುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇನ್ನೊಂದು ಕಡೆ, ವರ್ಷಗಟ್ಟಲೆ 60:40 ಒಯ್ಯುತ್ತಿದ್ದ ಮನೆಗಳವರಿಗೆ 70:30 ಪಕ್ಕದಲ್ಲಿಟ್ಟು ಕೊಟ್ಟಾಗ ತಮ್ಮದು ಕಷಾಯದ ಹಾಗಿದೆ ಅಂತ ಅವರೇ ಹೇಳಿದರು. ನಾನು ಬಾಯಿ ತೆರೆಯಲಿಲ್ಲ. ಅವತ್ತಿನಿಂದ ಅಂಗಡಿಯ ವ್ಯಾಪಾರವೇ ಬೇರೆಯಾಯಿತು. 60:40 ಈಗ ಮೊದಲಿನ ಅರ್ಧವೂ ಹೋಗುವುದಿಲ್ಲ, 80:20 ಮೂರು ಪಟ್ಟು ಹೋಗುತ್ತದೆ. ಚಿಕೋರಿ ಅಗ್ಗ, ಹಾಗಾಗಿ ಶೇಕಡಾವಾರು ಲಾಭ ಇಳಿಯಿತು, ನಿಜ. ಆದರೆ ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಹೆಚ್ಚಾಗಿದೆ.

ಬೆಳೆಗಾರರ ವಾರ ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಜಿಲ್ಲೆಯ ಬೆಳೆಗಾರರಲ್ಲಿ ಬಹಳ ಜನ ತಮ್ಮ ತೋಟದ ಕಾಫಿಯನ್ನು ಬೇರೆಯಾಗಿ ಕುಡಿದು ನೋಡಿದವರಲ್ಲ. ಪೂಲ್ ವ್ಯವಸ್ಥೆ ಇದ್ದ ಕಾಲದಲ್ಲಿ ಬೆಳೆದದ್ದನ್ನು ಹೆಚ್ಚುಕಡಿಮೆ ಎಲ್ಲ ಕಾಫಿ ಬೋರ್ಡಿಗೆ ಕೊಡಬೇಕಿತ್ತು, ಅಲ್ಲಿ ಎಲ್ಲರದೂ ಕೂಡಿಹೋಗುತ್ತಿತ್ತು. ಪೂರ್ತಿ ಮುಕ್ತ ಮಾರಾಟ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ಈಗಲೂ ಪಾರ್ಚ್‌ಮೆಂಟ್ (ಹಣ್ಣು ಸುಲಿದು ತೊಳೆದು ಒಣಗಿಸಿದ, ಒಳಸಿಪ್ಪೆ ಇರುವ ಬೀಜ) ಮೂಟೆ ಹೊರಗೆ ಹೋಗುತ್ತದೆ, ಮನೆಗೆ ಪೇಟೆಯಿಂದ ಪುಡಿ ಬರುತ್ತದೆ. ಗಿರಿ ಸೀಮೆಯ ಹಿರಿಯ ಗೌಡರೊಬ್ಬರು ಮೊದಲ ಸಲ ಬಂದಾಗ "ನಮ್ಮ ಕಣದ ಕಾಫಿ ನನಗೆ ಗೊತ್ತಾಗಲ್ವೇನಯ್ಯ, ಕಣ್ಣು ಮುಚ್ಚಿ ಹೇಳ್ತೀನಿ" ಅಂದರು. ಅವರದನ್ನೂ ಪಕ್ಕದ ತೋಟದ್ದನ್ನೂ ಇಟ್ಟೆ. ಬೇರೆ ಯಾವುದು ಅಂತ ಸರಿಯಾಗಿಯೇ ಹಿಡಿದರು, ಆದರೆ ನಮ್ಮದು ಅಂತ ತೋರಿಸಿದ್ದು ಪಕ್ಕದವರದನ್ನು. "ಗೌಡ್ರೇ, ಇನ್ನೊಂದು ಸಲ ನೋಡಿ" ಅಂದೆ. ನೋಡಿದರು, ಮತ್ತೆ ಅದೇ. ಆಮೇಲೆ ಅವರು ಕೇಳಿದ ಪ್ರಶ್ನೆ ಬೆಳೆಗಾರರು ಕೇಳಬೇಕಾದದ್ದೇ: "ಅವನು ಹೆಂಗೆ ಒಣಗಿಸ್ತಾನೆ?" ಪಕ್ಕದವರು ಜಾಲರಿ ಮೇಜಿನ ಮೇಲೆ ನಿಧಾನ ಒಣಗಿಸಿದ್ದರು, ಇವರು ಸಿಮೆಂಟ್ ಕಣದಲ್ಲಿ ದಪ್ಪ ಹರಡಿದ್ದರು. ಮುಂದಿನ ಸುಗ್ಗಿಗೆ ಗೌಡರ ಮನೆಯಲ್ಲೂ ನಾಲ್ಕು ಮೇಜು ಎದ್ದವು. ಆ ಬೀಜವನ್ನು ನಾನೇ ಕೊಂಡೆ, ಪೇಟೆ ದರಕ್ಕಿಂತ ಮೂಟೆಗೆ ಎಂಟುನೂರೋ ಸಾವಿರವೋ ಹೆಚ್ಚು ಕೊಟ್ಟು.

ತಳಿಗಳ ಮೇಲೂ ಕೂಟ ಮಾಡಿದ್ದೇನೆ. ಎಸ್. 795 ಮತ್ತು ಚಂದ್ರಗಿರಿ ಒಂದೇ ತೋಟದ್ದು, ಒಂದೇ ಪಲ್ಪರ್ (ಹಣ್ಣು ಸುಲಿಯುವ ಯಂತ್ರ), ಒಂದೇ ಕಣ. ಹಾಲು ಹಾಕಿದ ಮೇಲೆ ಏಳೆಂಟು ಜನಕ್ಕಷ್ಟೇ ಸಿಕ್ಕಿತು, ಅಂದರೆ ಸಿಕ್ಕಲಿಲ್ಲ ಅಂತಲೇ. ಅದೇ ಎಸ್. 795ರ ಪಾರ್ಚ್‌ಮೆಂಟ್ ಮತ್ತು ಚೆರ್ರಿ (ಸುಲಿಯದೆ ಇಡೀ ಹಣ್ಣನ್ನೇ ಒಣಗಿಸಿದ್ದು) ಇಟ್ಟ ವಾರ ಹದಿನೈದಕ್ಕೂ ಹೆಚ್ಚು ಜನ ಹಿಡಿದರು. ತಳಿಯ ಬಗ್ಗೆ ನಾವು ಆಡುವ ಜಗಳದ ಅರ್ಧದಷ್ಟು ಆಸಕ್ತಿ ಪಲ್ಪಿಂಗ್, ಒಣಗಿಸುವಿಕೆ ಮೇಲೆ ಇದ್ದರೆ ಜಿಲ್ಲೆಯ ಕಾಫಿಗೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಬೇರೆ ಬೇರೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಬಂದಿದೆ. ಅವೆರಡನ್ನು ಇಟ್ಟ ವಾರ ಹಾಲಿಲ್ಲದೆ ಸಿಕ್ಕಿತು, ಹಾಲು ಹಾಕಿದಾಗ ಇಲ್ಲ.

ನಡುವೆ ಬೇರೆ ದಾರಿಗಳಲ್ಲೂ ಹೋಗಿ ಬಂದಿದ್ದೇನೆ. ಹಿತ್ತಾಳೆ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್‌ಗೂ ಸ್ಟೀಲಿನದಕ್ಕೂ ಯಾರಿಗೂ ವ್ಯತ್ಯಾಸ ಸಿಗಲಿಲ್ಲ. ಇಬ್ಬರು ಹಿರಿಯರು ಬೇಸರಪಟ್ಟು ಎರಡು ವಾರ ಬರಲಿಲ್ಲ, ಆಮೇಲೆ ಬಂದರು. ಹಾಲಿನಲ್ಲಿ ನಂದಿನಿ ಟೋನ್ಡ್ ಮತ್ತು ಶುಭಂ, ಅಂದರೆ 3 ಮತ್ತು 4.5ರ ಕೊಬ್ಬು, ಎಲ್ಲರಿಗೂ ಗೊತ್ತಾಯಿತು, ಅದರಲ್ಲಿ ಹೇಳುವುದೇನಿಲ್ಲ. ಮಳೆಗಾಲದಲ್ಲಿ ಬೆಲ್ಲದ ಕಾಫಿ ವಾರ ಇಟ್ಟರೆ ಹೆಸರು ಬರೆಸುವವರು ಎರಡು ಪಟ್ಟಾಗುತ್ತಾರೆ. ಬೆಲ್ಲದ ಜೊತೆ ರೋಬಸ್ಟಾ ಚೆರ್ರಿ ಕೂಡುವಷ್ಟು ಚೆನ್ನಾಗಿ ಪ್ಲಾಂಟೇಷನ್ ಎ (ವಾಷ್ಡ್ ಅರೇಬಿಕಾದ ದೊಡ್ಡ ಬೀಜದ ದರ್ಜೆ) ಕೂಡುವುದಿಲ್ಲ. ಮಲೆನಾಡಿನ ಅಜ್ಜಿಯರಿಗೆ ಇದು ಗೊತ್ತಿತ್ತು.

ಇವುಗಳಲ್ಲಿ ದುಡ್ಡಾದದ್ದು ನೀರಿನ ವಾರ. ಹಿರೇಕೊಳಲೆ ಕೆರೆಯ ನಲ್ಲಿ ನೀರು ಒಂದು ಕಡೆ, ಬಡಾವಣೆಯೊಂದರ ಬೋರ್ ನೀರು ಇನ್ನೊಂದು ಕಡೆ, ಪುಡಿ ಒಂದೇ. ಹದಿನಾಲ್ಕು ಜನ ಸರಿಯಾಗಿ ಹೇಳಿದರು. ಬೋರ್ ನೀರಿನ ಬೈಕಾರ್ಬನೇಟ್ ಅರೇಬಿಕಾದ ಹುಳಿಯನ್ನು ತಿಂದುಹಾಕುತ್ತದೆ, ಲೋಟ ಸಪ್ಪೆಯಾಗುತ್ತದೆ. ನಿಮ್ಮ ಪುಡಿ ಮೊದಲಿನ ಹಾಗಿಲ್ಲ ಅಂತ ದೂರು ತರುತ್ತಿದ್ದ ಗಿರಾಕಿಗಳನ್ನು ಲೆಕ್ಕ ಹಾಕಿದರೆ ಹೆಚ್ಚಿನವರು ಹೊಸ ಬಡಾವಣೆಗಳಿಗೆ ಮನೆ ಬದಲಾಯಿಸಿದವರು! ಈಗ ಹೊಸ ಗಿರಾಕಿ ಬಂದರೆ ಮೊದಲ ಪ್ರಶ್ನೆ "ಅಕ್ಕಾ, ಮನೇಲಿ ಯಾವ ನೀರು?" ಬೋರ್ ಮನೆಗಳಿಗೆ ರೋಬಸ್ಟಾ ಪಾರ್ಚ್‌ಮೆಂಟ್ ಹೆಚ್ಚಿಟ್ಟ, ಒಂದು ಹದ ಕಪ್ಪಾಗಿ ಹುರಿದ ಬೇರೆ ಬ್ಲೆಂಡ್ ಕೊಡುತ್ತೇನೆ. ಆ ಬ್ಲೆಂಡಿನ ಮೂರನೆಯ ಬೀಜ ಯಾವುದು ಅಂತ ಕೇಳಬೇಡಿ. ದೂರು ನಿಂತಿದೆ.

2024ರ ಕೊನೆ, 2025ರ ಮೊದಲ ತಿಂಗಳುಗಳಲ್ಲಿ ಬೀಜದ ದರ ಕೇಳರಿಯದಷ್ಟು ಏರಿದಾಗ ಕೂಟ ನನ್ನ ಅಂಗಡಿ ಉಳಿಸಿತು. ದರ ಏರಿಸದೆ ಸದ್ದಿಲ್ಲದೆ ಚಿಕೋರಿ ಏರಿಸಿದವರೂ ಪೇಟೆಯಲ್ಲಿದ್ದರು. ನಾನು ಎರಡು ಮಂಗಳವಾರ ಅದನ್ನೇ ವಿಷಯ ಮಾಡಿದೆ. ಹಳೆಯ ಬ್ಲೆಂಡ್ ಹಳೆಯ ಹದದಲ್ಲೇ ಬೇಕಾದರೆ ಕೆ.ಜಿ.ಗೆ ಇನ್ನೂರರ ಹತ್ತಿರ ಹೆಚ್ಚು, ಅರೇಬಿಕಾ ಇಳಿಸಿ ಎಬಿ ದರ್ಜೆಯ ರೋಬಸ್ಟಾ ಪಾರ್ಚ್‌ಮೆಂಟ್ ಏರಿಸಿದರೆ ನೂರರೊಳಗೆ ಸಾಕು, ಕುಡಿದು ನೀವೇ ಹೇಳಿ ಅಂದೆ. ರೋಬಸ್ಟಾ ಹೆಚ್ಚಿದ್ದನ್ನು ಹಿಡಿದವರು ಹತ್ತಕ್ಕಿಂತ ಕಡಿಮೆ. ಆ ಬ್ಲೆಂಡನ್ನು ಹೆಸರು ಬದಲಾಯಿಸಿ, ಪ್ರಮಾಣ ಬರೆದು ಮಾರಿದೆ. ಒಬ್ಬರೂ ಜಗಳಕ್ಕೆ ಬರಲಿಲ್ಲ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ವಾರಕ್ಕೆ ಪುಡಿ ಮುನ್ನೂರು ಗ್ರಾಂ ಚಿಲ್ಲರೆ, ಹಾಲು ಎರಡೂವರೆಯಿಂದ ಮೂರು ಲೀಟರ್, ಹುಡುಗನಿಗೆ ಹೆಚ್ಚುವರಿ ಇನ್ನೂರು, ಗ್ಯಾಸು, ಸಕ್ಕರೆ, ಎಲ್ಲ ಸೇರಿ ಏಳೆಂಟುನೂರು. ತಲೆಗೆ ಐವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಅವತ್ತೇ ಪುಡಿ ಕೊಂಡರೆ ಆ ಐವತ್ತು ಬಿಲ್ಲಿನಲ್ಲಿ ವಜಾ. ನಾಳೆ ಬಂದರೆ ಇಲ್ಲ. ಈ "ಅವತ್ತೇ" ಅನ್ನುವುದನ್ನು ಸಡಿಲ ಮಾಡಬೇಡಿ. ಹದಿನೆಂಟರಲ್ಲಿ ಹದಿನೈದು ಜನ ಕೊಂಡೇ ಹೋಗುತ್ತಾರೆ, ಒಬ್ಬೊಬ್ಬರದು ನಾಲ್ಕುನೂರರ ಮೇಲೆಯೇ. ಮೊದಲು ತಿಂಗಳಿಗೆ 250 ಕೆ.ಜಿ. ಆಸುಪಾಸು ಹೋಗುತ್ತಿತ್ತು, ಈಗ 330ರ ಹತ್ತಿರ. ಬೋರ್ಡು, ಜಾಹೀರಾತು ಅಂತ ಒಂದು ಪೈಸೆ ಹಾಕಿಲ್ಲ. ಮಾವನವರು ಈಗ ಮಂಗಳವಾರ ಬಂದು ಹಾಲು ಕಾಯಿಸುವ ಕೆಲಸ ತಾವೇ ವಹಿಸಿಕೊಂಡಿದ್ದಾರೆ.

ಬರುವ ಸುಗ್ಗಿಗೆ ಹೊಸ ಬೆಳೆ, ಹಳೆ ಬೆಳೆ ಪಕ್ಕಪಕ್ಕ ಇಡುವ ಯೋಚನೆ ಇದೆ. ಒಂದು ಮಳೆಗಾಲ ಗೋದಾಮಿನಲ್ಲಿ ಕೂತ ಬೀಜಕ್ಕೆ ಬರುವ ಗೋಣಿಚೀಲದ ವಾಸನೆ ಹಾಲಿನಲ್ಲಿ ಮುಚ್ಚಿಹೋಗುತ್ತದೋ ಇಲ್ಲವೋ ನೋಡಬೇಕು. ಸಣ್ಣ ಬೆಳೆಗಾರರು ಮಾದರಿ ತರುವುದಾದರೆ ಅರ್ಧ ಕೆ.ಜಿ. ಪಾರ್ಚ್‌ಮೆಂಟ್ ಸಾಕು, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ. ತೇವಾಂಶ ಶೇಕಡಾ ಹತ್ತರ ಮೇಲಿದ್ದರೆ ಇನ್ನೆರಡು ದಿನ ಒಣಗಿಸಿ ತನ್ನಿ.